ಒಂದೇ ಆಲ್ಬಂ, ನಾಲ್ಕು ಅಭಿಪ್ರಾಯ: ಯಾರ ಕಿವಿ ಸರಿ?

ಪ್ರಶ್ನೆ: ನಮಸ್ಕಾರ ಸರ್. ನಾವು ನಾಲ್ವರು ಗೆಳೆಯರು, ಕಲಬುರಗಿಯಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವರು. ಟೇಮ್ ಇಂಪಾಲಾ ಬ್ಯಾಂಡ್ ಅಂದ್ರೆ ನಮಗೆ ಹುಚ್ಚು. ಅವರ ಹೊಸ ಆಲ್ಬಂ ‘ಡೆಡ್‌ಬೀಟ್’ ಕೇಳಿದಾಗಿನಿಂದ ನಮ್ಮಲ್ಲಿ ಜಗಳವೇ ನಡೆದಿದೆ. ಇಲ್ಲೇ ಇರುವ ಗೆಳೆಯ ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಿ ‘ಗಿಟಾರೇ ಇಲ್ಲ, ಬರೀ ಡಿಜೆ ಬೀಟು, ಹಾಳು ಮಾಡಿದ’ ಅಂತಾನೆ. ಬೀದರಿನವನ ಹತ್ತಿರ ಒಳ್ಳೇ ಹೆಡ್‌ಫೋನ್ ಇದೆ. ಅವನಿಗೆ ಇದೇ ಬೆಸ್ಟ್ ಆಲ್ಬಂ. ಶಹಾಪುರದವನು ಡೇಟಾ ಉಳಿಸಲು ಕಡಿಮೆ ಕ್ವಾಲಿಟಿಯಲ್ಲಿ ಕೇಳುತ್ತಾನೆ. ‘ಎಲ್ಲಾ ಹಾಡೂ ಒಂದೇ ತರ, ದನಿ ನೀರಿನೊಳಗಿಂದ ಬಂದ ಹಾಗಿದೆ’ ಅಂದ. ನನಗೆ ಮೊದಲು ಏನೂ ಅನ್ನಿಸಲಿಲ್ಲ, ಕೇಳ್ತಾ ಕೇಳ್ತಾ ಇಷ್ಟ ಆಯ್ತು. ಭಜನೆ ಹಾಡುವ ನಮ್ಮಪ್ಪ ಅರ್ಧ ಹಾಡು ಕೇಳಿ ‘ಏನಂತಾನೋ ಒಂದೂ ತಿಳಿಯಂಗಿಲ್ಲ’ ಅಂತ ಎದ್ದು ಹೋದರು. ಇವರಲ್ಲಿ ಯಾರು ಸರಿ? ಈ ಬ್ಯಾಂಡಿನದು ಹಳೇ ಕಾಲದ ಸೌಂಡ್ ಅಂತಾರಲ್ಲ, ಆ ಹಳೇದು ಅಂದ್ರೆ ಏನು? ಇದರ ಎಲ್‌ಪಿ, ಅಂದ್ರೆ ಗ್ರಾಮಫೋನ್ ತಟ್ಟೆ, ತರಿಸಬೇಕು ಅಂದುಕೊಂಡಿದ್ದೇನೆ. ತರಿಸಲಾ?
– ಒಬ್ಬ ಓದುಗ, ಕಲಬುರಗಿ

ಉತ್ತರ: ನಿಮ್ಮಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಎಲ್ಲರೂ ಕೇಳಿದ್ದು ಒಂದೇ ಆಲ್ಬಂ ಅಲ್ಲ. ಒಬ್ಬರಿಗೆ ಕೇಳಿದ್ದು ಇನ್ನೊಬ್ಬರ ಕಿವಿಗೆ ಬಿದ್ದೇ ಇಲ್ಲ. ಯಾರು ಯಾವುದರಲ್ಲಿ ಕೇಳಿದರು ಅಂತ ನೀವು ಬರೆದದ್ದು ಚಲೋ ಆಯಿತು. ಆಲ್ಬಂ ಬಗ್ಗೆ ಪುಟಗಟ್ಟಲೆ ವಾದ ಮಾಡುವವರೂ ಇದೊಂದನ್ನು ಹೇಳುವುದಿಲ್ಲ.

ಮೊದಲು ಬ್ಲೂಟೂತ್ ಸ್ಪೀಕರಿನವರ ವಿಷಯ. ಒಂಟಿ ಡಬ್ಬಿಯ ಆ ಸ್ಪೀಕರುಗಳಲ್ಲಿ ಹೆಚ್ಚಿನವು ಎಡ, ಬಲ ಎರಡೂ ಕಡೆಯ ಸೌಂಡನ್ನು ಕೂಡಿಸಿ ಒಂದೇ ಮಾಡುತ್ತವೆ. ಇದಕ್ಕೆ ಮೋನೋ ಅನ್ನುತ್ತೇವೆ. ಭಜನೆ ಹಾಡಿಗೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಟೇಮ್ ಇಂಪಾಲಾದ ಸೈಕೆಡೆಲಿಕ್ ಪಾಪ್‌ಗೆ, ಅಂದರೆ ಕನಸಿನಲ್ಲಿ ತೇಲಿದ ಹಾಗೆ ಸೌಂಡನ್ನು ತಿರುಚಿ ಕಟ್ಟುವ ಪಾಪ್‌ಗೆ, ಇದೆ. ಈ ಸಂಗೀತದಲ್ಲಿ ಗಿಟಾರ್, ಸಿಂಥ್ (ವಿದ್ಯುತ್ತಿನಿಂದ ಸೌಂಡು ಹುಟ್ಟಿಸುವ ಕೀಬೋರ್ಡು), ಹಿನ್ನೆಲೆಯ ದನಿ ಎಲ್ಲಾ ಅಗಲವಾಗಿ ಹರಡಿರುತ್ತವೆ. ಹಾಗೆ ಹರಡಲು ಒಂದೇ ಸೌಂಡನ್ನು ಎಡಕ್ಕೊಂದು ರೀತಿ, ಬಲಕ್ಕೊಂದು ರೀತಿ ತುಸು ತಿರುಚಿ ಹಾಕುತ್ತಾರೆ. ಎಡಗಡೆಯ ಅಲೆ ಮೇಲೇರುವಾಗ ಬಲಗಡೆಯ ಅಲೆ ಕೆಳಗಿಳಿಯುತ್ತಿದ್ದರೆ, ಎರಡನ್ನೂ ಕೂಡಿಸಿದಾಗ ಒಂದನ್ನೊಂದು ತಿಂದುಹಾಕುತ್ತವೆ. ಸರಿಯಾಗಿ ಉಳಿಯುವುದು ನಟ್ಟನಡುವೆ ಇಟ್ಟದ್ದು ಮಾತ್ರ. ಅಂದರೆ ಕಾಲಿನಿಂದ ಹೊಡೆಯುವ ಡ್ರಮ್ಮಿನ ಕಿಕ್, ದಪ್ಪ ಸ್ವರದ ಬೇಸ್, ಮುಖ್ಯ ದನಿ. ಹಾಗಾಗಿ ನಿಮ್ಮ ಗೆಳೆಯನಿಗೆ ‘ಬರೀ ಬೀಟು’ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಬೇಕಾದರೆ ನೀವೇ ನೋಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅಂತ ಒಂದು ಭಾಗ ಇರುತ್ತದೆ. ಅದರೊಳಗೆ ‘ಮೋನೋ ಆಡಿಯೋ’ ಅನ್ನುವ ಗುಂಡಿ ಇದೆ. ಇಯರ್‌ಫೋನ್ ಹಾಕಿಕೊಂಡು ಒಂದೇ ಹಾಡಿನ ನಡುವೆ ಅದನ್ನು ಆನ್ ಮಾಡಿ, ಆಫ್ ಮಾಡಿ. ಏನೇನು ಮಾಯವಾಗುತ್ತದೆ, ಏನೇನು ವಾಪಸ್ ಬರುತ್ತದೆ ಅಂತ ಗೊತ್ತಾಗುತ್ತದೆ.

ಶಹಾಪುರದವರ ಕತೆ ಬೇರೆ. ಸ್ಪಾಟಿಫೈನಲ್ಲಿ ಅತಿ ಕಡಿಮೆ ಕ್ವಾಲಿಟಿ ಅಂದರೆ ಸೆಕೆಂಡಿಗೆ ಸುಮಾರು 24 ಕಿಲೋಬಿಟ್. ‘ವೆರಿ ಹೈ’ ಅಂತ ಇಟ್ಟರೆ 320. ಈ 24ರಲ್ಲಿ ಹಾಡನ್ನು ತುಂಬಿಸಬೇಕಾದರೆ ಮೇಲಿನ ಸ್ವರಗಳನ್ನು ಪೂರ್ತಿ ಕಳಿಸುವುದಿಲ್ಲ. ಅವು ಹೇಗಿದ್ದವು ಅಂತ ಸುಳಿವು ಮಾತ್ರ ಕಳಿಸುತ್ತಾರೆ, ಫೋನು ಅದರಿಂದ ಊಹೆ ಮಾಡಿ ಕಟ್ಟುತ್ತದೆ. ಎಡ ಬಲದ ವ್ಯತ್ಯಾಸವೂ ಹೀಗೆಯೇ ಸುಳಿವಿನಿಂದ ಕಟ್ಟಿದ್ದು. ಒಬ್ಬರೇ ಕೂತು ಮಾತಾಡುವ ಕಾರ್ಯಕ್ರಮಕ್ಕೆ ಇದು ನಡೆದೀತು. ದನಿಯ ಸುತ್ತ ಎಕೋ ಸುತ್ತಿರುವ ಹಾಡಿಗೆ ನಡೆಯುವುದಿಲ್ಲ. ಎಕೋದ ಬಾಲ ತುಂಬಾ ಸಣ್ಣ ಸೌಂಡು. ಮೊದಲು ಕತ್ತರಿ ಬೀಳುವುದು ಅದಕ್ಕೇ. ತಾಳ, ಸಿಂಬಲ್‌ಗಳು ಚರಚರ ಅನ್ನುತ್ತವೆ. ದನಿ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಅವರು ಅಂದ ಮಾತು ಅಕ್ಷರಶಃ ನಿಜ. ಮನೆಯಲ್ಲಿ ವೈಫೈ ಇದ್ದಾಗ ಆಲ್ಬಂ ಡೌನ್‌ಲೋಡ್ ಮಾಡಿಕೊಳ್ಳಲು ಹೇಳಿ. ಆಮೇಲೆ ಬಸ್ಸಿನಲ್ಲಿ ಕೇಳಿದರೂ ಡೇಟಾ ಖರ್ಚಾಗುವುದಿಲ್ಲ.

ಆದರೆ ಎಲ್ಲಾ ತಪ್ಪನ್ನೂ ಸ್ಪೀಕರು, ಡೇಟಾ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಈ ಆಲ್ಬಂನಲ್ಲಿ ಗಿಟಾರ್ ನಿಜವಾಗಿಯೂ ಕಡಿಮೆ. ಬೀಟು ನಿಜವಾಗಿಯೂ ಜಾಸ್ತಿ. ಅದಕ್ಕೆ ಕಾರಣ ತಿಳಿಯಬೇಕಾದರೆ ನೀವು ಕೇಳಿದ ‘ಹಳೇ ಸೌಂಡ್’ ವಿಷಯಕ್ಕೆ ಬರಬೇಕು.

ಹಳೇದು ಅಂದರೆ ಇಲ್ಲಿ ಮುಖ್ಯವಾಗಿ 1966 ಮತ್ತು 1967. ಸೈಕೆಡೆಲಿಕ್ ಅನ್ನುವ ಹೆಸರಿನ ಹಿಂದೆ ಆ ಕಾಲದ ಅಮಲಿನ ಪದಾರ್ಥಗಳ ಕತೆ ಇದೆ, ಅದು ಎಲ್ಲರಿಗೂ ಗೊತ್ತಿರುವುದೇ. ನನಗೆ ಅದಕ್ಕಿಂತ ಆ ಕಾಲದ ಸ್ಟುಡಿಯೋ ಜಾಸ್ತಿ ಮುಖ್ಯ. ಅಲ್ಲಿವರೆಗೆ ಪಾಪ್ ರೆಕಾರ್ಡಿಂಗ್ ಅಂದರೆ ಹೆಚ್ಚಾಗಿ ಹಾಡುವವರು ಹಾಡಿದ್ದನ್ನು ಹಾಗೇ ಹಿಡಿಯುವುದು. ಆ ಎರಡು ವರ್ಷಗಳಲ್ಲಿ ಟೇಪೇ ಒಂದು ವಾದ್ಯವಾಯಿತು. ಟೇಪನ್ನು ಹಿಂದುಮುಂದು ಓಡಿಸಿದರು, ನಿಧಾನ ಮಾಡಿದರು, ತುಂಡು ಮಾಡಿ ಸುತ್ತು ಹಾಕಿದರು.

ಒಂದೇ ಉದಾಹರಣೆ ಸಾಕು. ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡ್ 1966ರಲ್ಲಿ ತಂದ ‘ರಿವಾಲ್ವರ್’ ಆಲ್ಬಂನ ಕೊನೆಯ ಹಾಡು ‘ಟುಮಾರೋ ನೆವರ್ ನೋಸ್’. ಹಾಡು ಹೆಚ್ಚುಕಮ್ಮಿ ಪೂರ್ತಿ ಒಂದೇ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಮೇಲೆ ನಿಂತಿದೆ. ಕೆಳಗೆ ತಂಬೂರಿ ನುಡಿಯುತ್ತಿದೆ. ಮೇಲೆ ಟೇಪಿನ ಸುತ್ತುಗಳು ಹಕ್ಕಿ ಕೂಗಿದ ಹಾಗೆ ಬಂದು ಹೋಗುತ್ತವೆ. ಹಾಡಿನ ಎರಡನೇ ಅರ್ಧದಲ್ಲಿ ಹಾಡುಗಾರ ಜಾನ್ ಲೆನನ್ ದನಿಯನ್ನು ಆರ್ಗನ್ನಿಗೆ ಜೋಡಿಸುವ ತಿರುಗುವ ಸ್ಪೀಕರಿನೊಳಗೆ ಹಾಯಿಸಿದ್ದಾರೆ. ಲೆನನ್‌ಗೆ ಒಂದೇ ಸಾಲನ್ನು ಎರಡು ಸಲ ಹಾಡಿ ಜೋಡಿಸುವುದು ಬೇಜಾರು. ಅದಕ್ಕೆ ಅಬೇ ರೋಡ್ ಸ್ಟುಡಿಯೋದ ಇಂಜಿನಿಯರ್ ಕೆನ್ ಟೌನ್‌ಸೆಂಡ್ ಒಂದು ಉಪಾಯ ಮಾಡಿದರು. ಹಾಡಿದ್ದರ ನಕಲನ್ನು ಇನ್ನೊಂದು ಟೇಪಿನಲ್ಲಿ ತುಸು ತಡವಾಗಿ ಓಡಿಸಿದರು. ಒಬ್ಬರೇ ಹಾಡಿದರೂ ಇಬ್ಬರು ಹಾಡಿದ ಹಾಗಾಯಿತು.

ಏಕತಾರಿ ಕೇಳಿ ಬೆಳೆದ ನಮಗೆ ಒಂದೇ ಸ್ವರ ಹಿಡಿದು ನಿಲ್ಲುವುದು ಹೊಸದಲ್ಲ. ಅಂತ ಹೇಳಿ ‘ಎಲ್ಲಾ ನಮ್ಮಿಂದಲೇ ಕದ್ದರು’ ಅನ್ನುವವರ ಸಾಲಿಗೆ ಸೇರಬೇಡಿ. ತಂಬೂರಿ ಇಲ್ಲಿಂದ ಹೋಯಿತು, ನಿಜ. ಟೇಪಿನ ಆಟ ಅವರದ್ದೇ.

ಇನ್ನು ಎಕೋ. ಇದರಲ್ಲಿ ಎರಡು ಬಗೆ ಇವೆ. ನಮ್ಮ ಕಡೆಯವರಿಗೆ ಇದನ್ನು ತಿಳಿಸುವುದು ಸುಲಭ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಆ ಕೂಗು ಮತ್ತೆ ಮತ್ತೆ ಬಿಡಿಬಿಡಿಯಾಗಿ ವಾಪಸ್ ಬರುತ್ತದೆ. ಸ್ಟುಡಿಯೋದಲ್ಲಿ ಇದಕ್ಕೆ ಡಿಲೇ ಅನ್ನುತ್ತೇವೆ. ಇಲ್ಲೇ ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಗೆ ಹೋಗಿ. 1367ರಲ್ಲಿ ಕಟ್ಟಿದ್ದು. ಬೇರೆ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳವಿಲ್ಲ, ಇಡೀ ಜಾಗದ ಮೇಲೆ ಗುಮ್ಮಟಗಳ ಮಾಡು ಇದೆ. ಅಲ್ಲಿ ಮೆಲ್ಲಗೆ ಮಾತಾಡಿದರೆ ಮಾತು ತಿರುಗಿ ಬರುವುದಿಲ್ಲ. ಕಮಾನುಗಳ ಕೆಳಗೆ ಹರಡಿ ಕರಗುತ್ತದೆ. ಇದು ರಿವರ್ಬ್. ಸೈಕೆಡೆಲಿಕ್ ಪಾಪ್‌ನಲ್ಲಿ ಎರಡನ್ನೂ ಧಾರಾಳವಾಗಿ ಸುರಿಯುತ್ತಾರೆ. ಇವುಗಳ ಜೊತೆ ಫೇಸರ್ ಅಂತ ಇನ್ನೊಂದಿದೆ. ಸೌಂಡಿನ ಮೇಲೆ ಅಲೆ ಓಡಾಡಿದ ಹಾಗೆ, ಜೆಟ್ ವಿಮಾನ ಹಾದುಹೋದ ಹಾಗೆ ಮಾಡುವ ಪೆಡಲ್ ಅದು. ಟೇಮ್ ಇಂಪಾಲಾದ ಮೊದಲ ಆಲ್ಬಂಗಳಲ್ಲಿ ಇದು ಗಿಟಾರಿಗೂ ಇದೆ, ಡ್ರಮ್ಮಿಗೂ ಇದೆ.

ಈಗ ಬ್ಯಾಂಡಿಗೆ ಬರೋಣ. ಬ್ಯಾಂಡ್ ಅಂತ ಕರೆಯುತ್ತೇವೆ, ಆದರೆ ರೆಕಾರ್ಡಿಂಗ್ ಮಟ್ಟಿಗೆ ಅದು ಒಬ್ಬನೇ ಮನುಷ್ಯ. ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್ ಊರಿನ ಕೆವಿನ್ ಪಾರ್ಕರ್. ಹಾಡು ಬರೆಯುವುದು, ಹಾಡುವುದು, ಡ್ರಮ್, ಬೇಸ್, ಗಿಟಾರ್, ಸಿಂಥ್ ಹೆಚ್ಚುಕಮ್ಮಿ ಎಲ್ಲಾ ಅವರೇ. ವೇದಿಕೆ ಮೇಲೆ ಮಾತ್ರ ಗೆಳೆಯರು ಸೇರಿಕೊಳ್ಳುತ್ತಾರೆ.

2010ರ ‘ಇನ್ನರ್‌ಸ್ಪೀಕರ್’, 2012ರ ‘ಲೋನರಿಸಂ’. ನಿಮ್ಮ ಕಲಬುರಗಿಯ ಗೆಳೆಯ ಹುಡುಕುತ್ತಿರುವುದು ಈ ಎರಡನ್ನೇ. ಇವೆರಡರ ಮಿಕ್ಸಿಂಗ್, ಅಂದರೆ ಬೇರೆ ಬೇರೆ ಹಿಡಿದ ಸೌಂಡುಗಳನ್ನು ಹದವಾಗಿ ಕೂಡಿಸುವ ಕೆಲಸ, ಮಾಡಿದ್ದು ಅಮೆರಿಕದ ಡೇವ್ ಫ್ರಿಡ್‌ಮನ್. ಗಿಟಾರ್ ಗುಂಯ್ ಅನ್ನುತ್ತದೆ, ಡ್ರಮ್ ಒಡೆದು ಹೋಗುವಷ್ಟು ಒತ್ತಿ ಇಟ್ಟಿದ್ದಾರೆ, ದನಿ ಎಲ್ಲೋ ಹಿಂದಿನ ಕೋಣೆಯಲ್ಲಿದೆ. ಪಾರ್ಕರ್ ದನಿ ಲೆನನ್ ದನಿ ಹಾಗಿದೆ ಅಂತ ಕೇಳುಗರು ಆಗಿನಿಂದಲೂ ಹೇಳುತ್ತಾರೆ. ಗಂಟಲು ಸ್ವಲ್ಪ ಹಾಗಿರುವುದು ನಿಜ. ಉಳಿದದ್ದು ನಾನು ಮೇಲೆ ಹೇಳಿದ ಆಟ. ದನಿಯನ್ನು ಜೋಡಿ ಮಾಡಿ, ತಡ ಮಾಡಿ, ರಿವರ್ಬಿನಲ್ಲಿ ಅದ್ದಿ ತೆಗೆಯುವುದು. ಅದೇ ಉಪಚಾರ ಮಾಡಿದರೆ ತೆಳು ದನಿಯ ಯಾರಾದರೂ ಅರ್ಧ ಲೆನನ್ ಆಗಬಹುದು.

2015ರಲ್ಲಿ ‘ಕರೆಂಟ್ಸ್’ ಬಂತು. ಗಿಟಾರನ್ನು ಹಿಂದೆ ಸರಿಸಿ ಸಿಂಥ್ ಮುಂದೆ ತಂದರು. ಮಿಕ್ಸಿಂಗ್ ಕೂಡ ಪಾರ್ಕರ್ ಅವರೇ ಮಾಡಿದರು. ಆಗಲೂ ಇದೇ ಜಗಳ ನಡೆದಿತ್ತು. ‘ಗಿಟಾರ್ ಎಲ್ಲಿ ಹೋಯ್ತು, ಡಿಸ್ಕೋ ಮಾಡಿಟ್ಟ’ ಅಂತ ಹಳೇ ಅಭಿಮಾನಿಗಳು ಗೊಣಗಿದರು. ಆ ಆಲ್ಬಂನ ಮೊದಲ ಹಾಡು ಏಳು ನಿಮಿಷ ದಾಟುತ್ತದೆ. ನಡುವೆ ಸಿಡಿ ಸಿಕ್ಕಿಹಾಕಿಕೊಂಡ ಹಾಗೆ ಒಂದೇ ತುಣುಕು ತಿರುಗುತ್ತದೆ. ಬೇಕೆಂದೇ ಮಾಡಿದ್ದು. ಟೇಪಿನ ಸುತ್ತಿನ ಮೊಮ್ಮಗ ಅದು. ಅಂದರೆ ಗಿಟಾರ್ ಹೋದರೂ 1966ರ ಯೋಚನೆ ಹೋಗಿರಲಿಲ್ಲ. ಅದೇ ಆಲ್ಬಂನ ಕೊನೆಯ ಹಾಡನ್ನು ಮರುವರ್ಷವೇ ರಿಹಾನಾ ತನ್ನ ಆಲ್ಬಂನಲ್ಲಿ ಹಾಡಿದಳು.

2020ರ ‘ದ ಸ್ಲೋ ರಶ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಕರೆಂಟ್ಸ್’ ದಾರಿಯಲ್ಲೇ ಇನ್ನಷ್ಟು ನುಣುಪು. ಒಂದು ಸಂಗತಿ ಮಾತ್ರ ನೆನಪಿಡಿ. ಆಸ್ಟ್ರೇಲಿಯಾದಲ್ಲಿ ಏರಿಯಾ ಅಂತ ದೊಡ್ಡ ಸಂಗೀತ ಪ್ರಶಸ್ತಿ ಇದೆ. ಅದರಲ್ಲಿ ವರ್ಷದ ಆಲ್ಬಂ ಪ್ರಶಸ್ತಿ ‘ಲೋನರಿಸಂ’, ‘ಕರೆಂಟ್ಸ್’, ‘ದ ಸ್ಲೋ ರಶ್’ ಮೂರಕ್ಕೂ ಬಂದಿದೆ. ಗಿಟಾರ್ ಇದ್ದಾಗಲೂ ಬಂತು, ಬಿಟ್ಟ ಮೇಲೂ ಬಂತು.

ಆಮೇಲೆ ಪಾರ್ಕರ್ ಬೇರೆಯವರ ಕೆಲಸಕ್ಕೆ ಕೈಹಾಕಿದರು. ಪಾಪ್ ಗಾಯಕಿ ಡುವಾ ಲಿಪಾಳ 2024ರ ಆಲ್ಬಂನಲ್ಲಿ ಅವರ ಕೈ ಇದೆ. ಅದೇ ವರ್ಷ ಜಸ್ಟಿಸ್ ಅನ್ನುವ ಫ್ರೆಂಚ್ ಡಾನ್ಸ್ ಸಂಗೀತದ ಜೋಡಿಯ ಜೊತೆ ಹಾಡಿದ ಹಾಡಿಗೆ 2025ರ ಫೆಬ್ರವರಿಯಲ್ಲಿ ಗ್ರ್ಯಾಮಿ ಸಿಕ್ಕಿತು. ಹೀಗಾಗಿ 2025ರ ಅಕ್ಟೋಬರಿನಲ್ಲಿ ‘ಡೆಡ್‌ಬೀಟ್’ ಕುಣಿಯುವ ಆಲ್ಬಂ ಆಗಿ ಬಂದಾಗ ನನಗೇನೂ ಆಘಾತವಾಗಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಊರಾಚೆಯ ಬಯಲಿಗೆ ದೊಡ್ಡ ಸ್ಪೀಕರು ಒಯ್ದು ರಾತ್ರಿಯಿಡೀ ಕುಣಿಯುವ ರೂಢಿ ಇದೆ. ಈ ಆಲ್ಬಂನ ಸ್ಫೂರ್ತಿ ಅಲ್ಲಿಯದು.

ಹಾಗಾದರೆ ‘ಎಲ್ಲಾ ಹಾಡೂ ಒಂದೇ ತರ’ ಅನ್ನುವ ದೂರು? ಇದಕ್ಕೆ ಸ್ವಲ್ಪ ನಿಂತು ಉತ್ತರ ಕೊಡಬೇಕು.

ನಮ್ಮ ಹಳ್ಳಿಗಳಲ್ಲಿ ಮೊಹರಂ ಹೊತ್ತಿಗೆ ಅಲಾಯಿ ಕುಣಿ (ಬೆಂಕಿ ಹಾಕುವ ಗುಂಡಿ) ಸುತ್ತ ಹೆಜ್ಜೆ ಹಾಕುವುದನ್ನು ನೀವು ನೋಡಿಯೇ ಇರುತ್ತೀರಿ. ಹಲಗೆಯ ಆ ಪೆಟ್ಟನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಗೆ ಬಂದು ಕುರ್ಚಿ ಮೇಲೆ ಕೂತು ಕೇಳಿ. ಐದು ನಿಮಿಷಕ್ಕೆ ಸಾಕಾಗುತ್ತದೆ. ಎಷ್ಟು ಹೊತ್ತಾದರೂ ಅದೇ ಪೆಟ್ಟು ಅನ್ನಿಸುತ್ತದೆ. ಆದರೆ ಅಲ್ಲಿ ಹೆಜ್ಜೆ ಹಾಕುವವರಿಗೆ ಅದು ಒಂದೇ ಅಲ್ಲ. ಹಲಗೆಯವರು ಎಲ್ಲಿ ಬಿಗಿ ಮಾಡಿದರು, ಎಲ್ಲಿ ಒಂದು ಪೆಟ್ಟು ಬಿಟ್ಟರು, ಎಲ್ಲಿ ಜೋರಾಗಿಸಿದರು ಅಂತ ಕಾಲಿಗೆ ಗೊತ್ತಾಗುತ್ತದೆ. ಕುಣಿತದ ಸಂಗೀತದಲ್ಲಿ ಬದಲಾವಣೆ ಸಣ್ಣದಾಗಿಯೇ ಇರುತ್ತದೆ. ಹಾಡು ಕೇಳಿ ರೂಢಿಯಾದ ಕಿವಿ ಪಲ್ಲವಿ ಯಾವಾಗ, ಚರಣ ಯಾವಾಗ ಅಂತ ಕಾಯುತ್ತದೆ. ಇಲ್ಲಿ ಕಾಯಬೇಕಾದದ್ದು ಬೀಟಿನ ಮೇಲೆ ಇನ್ನೊಂದು ಪದರ ಯಾವಾಗ ಕೂತಿತು, ಬೇಸ್ ಯಾವಾಗ ಮಾಯವಾಯಿತು, ಯಾವಾಗ ವಾಪಸ್ ಬಂತು ಅನ್ನುವುದಕ್ಕೆ. ಶಹಾಪುರದವರಿಗೆ ಆ ಪದರಗಳೇ ಕೇಳಿಲ್ಲ, 24 ಕಿಲೋಬಿಟ್ ಅವನ್ನು ನುಂಗಿದೆ. ಹಾಗಾಗಿ ಅವರಿಗೆ ಒಂದೇ ತರ ಅನ್ನಿಸದೆ ಇನ್ನೇನು?

ಬೀದರಿನವರಿಗೆ ಇದೇ ಬೆಸ್ಟ್ ಅನ್ನಿಸಿದ್ದಕ್ಕೆ ಹೆಡ್‌ಫೋನ್ ಒಂದು ಕಾರಣ. ಆದರೆ ಅವರಿಗೊಂದು ಪ್ರಶ್ನೆ ಕೇಳಿ: ಅವರು ಈ ಬ್ಯಾಂಡನ್ನು ಮೊದಲು ಕೇಳಿದ್ದು ಯಾವ ಆಲ್ಬಂನಿಂದ? ‘ಕರೆಂಟ್ಸ್’ ಅಂತ ಉತ್ತರ ಬಂದರೆ ನನಗೆ ಆಶ್ಚರ್ಯವಿಲ್ಲ. ಇಂಥ ಬ್ಯಾಂಡುಗಳ ಬಗ್ಗೆ ಜನ ಆಡುವ ಮಾತು ಹತ್ತಾರು ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಮೊದಲು ಯಾವ ಬಾಗಿಲಿನಿಂದ ಒಳಗೆ ಬಂದರೋ ಅದೇ ಅವರಿಗೆ ಅಳತೆಗೋಲು. ‘ಲೋನರಿಸಂ’ ಬಾಗಿಲಿನಿಂದ ಬಂದವರಿಗೆ ಹೊಸದು ದ್ರೋಹ. ‘ಕರೆಂಟ್ಸ್’ ಬಾಗಿಲಿನಿಂದ ಬಂದವರಿಗೆ ಹೊಸದು ಮುಂದಿನ ಹೆಜ್ಜೆ. ಕೆವಿನ್ ಪಾರ್ಕರ್ ಯಾರೆಂದೇ ಗೊತ್ತಿಲ್ಲದೆ ಒಂದು ರೀಲ್ಸ್‌ನಲ್ಲಿ ‘ಡ್ರಾಕುಲಾ’ ಹಾಡು ಕೇಳಿ ಬಂದವರಿಗೆ ಈ ಜಗಳವೇ ಅರ್ಥವಾಗುವುದಿಲ್ಲ. ಅವರಿಗೆ ಅದು ಸುಮ್ನೆ ಒಂದು ಒಳ್ಳೆ ಪಾಪ್ ಹಾಡು.

ನಿಮ್ಮದೇ ವಿಷಯ ಇನ್ನೂ ಕುತೂಹಲದ್ದು. ಕೇಳ್ತಾ ಕೇಳ್ತಾ ಇಷ್ಟವಾಯಿತು ಅಂದಿರಿ. ರಾಬರ್ಟ್ ಝಾಯೋನ್ಸ್ ಅನ್ನುವ ಮನಃಶಾಸ್ತ್ರಜ್ಞರು 1968ರಲ್ಲಿ ಇದನ್ನು ತೋರಿಸಿಕೊಟ್ಟಿದ್ದಾರೆ. ಅರ್ಥವೇ ಇಲ್ಲದ ಪದಗಳನ್ನು, ಗೊತ್ತಿಲ್ಲದ ಲಿಪಿಯ ಅಕ್ಷರಗಳನ್ನು ಜನರಿಗೆ ಮತ್ತೆ ಮತ್ತೆ ತೋರಿಸಿದರೆ ಸಾಕು, ಅವುಗಳ ಮೇಲೆ ಒಂದು ಬಗೆಯ ಇಷ್ಟ ಹುಟ್ಟುತ್ತದೆ. ಹಾಡಿಗೂ ಇದು ಅನ್ವಯಿಸುತ್ತದೆ. ಹಾಗಂತ ನಿಮ್ಮ ಇಷ್ಟ ಸುಳ್ಳು ಅಂತಲ್ಲ. ಆದರೆ ಪರೀಕ್ಷೆ ಮಾಡಿ ನೋಡಬಹುದು. ಹತ್ತು ದಿನ ಆಲ್ಬಂ ಮುಟ್ಟಬೇಡಿ. ಆಮೇಲೆ ಯಾವ ಹಾಡು ತಾನಾಗಿಯೇ ಬಾಯಿಗೆ ಬರುತ್ತದೆ ನೋಡಿ. ಯಾವುದೂ ಬರದಿದ್ದರೆ ಅದು ರೂಢಿಯ ಇಷ್ಟ. ಎರಡು ಮೂರು ಬಂದರೆ ಆ ಎರಡು ಮೂರು ಹಾಡು ನಿಮ್ಮವು.

ಇಷ್ಟು ಹೇಳಿ ನನ್ನ ಅಭಿಪ್ರಾಯ ಮುಚ್ಚಿಟ್ಟುಕೊಳ್ಳುವುದು ಸರಿಯಲ್ಲ. ನನಗೆ ಈ ಆಲ್ಬಂ ಅರ್ಧ ಹಿಡಿಸಿತು.

ಶುರುವಾಗುವ ರೀತಿ ಬಹಳ ಇಷ್ಟ. ಮೊದಲ ಹಾಡು ‘ಮೈ ಓಲ್ಡ್ ವೇಸ್’ ಒಂದು ಒರಟು ರೆಕಾರ್ಡಿಂಗಿನಿಂದ ತೆರೆದುಕೊಳ್ಳುತ್ತದೆ. ಪಿಯಾನೋ, ದನಿ, ಅಷ್ಟೇ. ಫೋನಿನಲ್ಲಿ ಹಿಡಿದ ಹಾಗಿದೆ. ಆಮೇಲೆ ಬೀಟು ಬಂದು ಅದೇ ಹಾಡು ಚೊಕ್ಕವಾಗಿ ಎದ್ದು ನಿಲ್ಲುತ್ತದೆ. ರೆಕಾರ್ಡಿಂಗ್ ಕೆಲಸ ಮಾಡುವ ನನ್ನಂಥವನಿಗೆ ಅದು ಹಬ್ಬ. ಕೊನೆಯ ಹಾಡು ‘ಎಂಡ್ ಆಫ್ ಸಮ್ಮರ್’ ಏಳು ನಿಮಿಷದಷ್ಟು ಉದ್ದ. ಅವಸರ ಮಾಡದೆ ಬೆಳೆಯುತ್ತದೆ. ಬೀದರಿನವರು ಬೆಸ್ಟ್ ಅಂದದ್ದು ಈ ಹಾಡಿನ ಮಟ್ಟಿಗೆ ನಾನು ಒಪ್ಪುತ್ತೇನೆ.

ಹಿಡಿಸದ್ದು ನಡುವಿನ ಭಾಗ. ಅಲ್ಲಿ ಪಾರ್ಕರ್ ಎರಡು ದೋಣಿಯಲ್ಲಿ ಕಾಲಿಟ್ಟಿದ್ದಾರೆ. ಪೂರ್ತಿ ಕುಣಿತವೂ ಅಲ್ಲ, ಪೂರ್ತಿ ಹಾಡೂ ಅಲ್ಲ. ಕುಣಿಯಲು ಹೋದರೆ ಬೀಟು ಇನ್ನೂ ನಾಚುತ್ತಿದೆ. ಕೂತು ಕೇಳೋಣ ಅಂದರೆ ರಾಗಕ್ಕೆ ‘ಲೋನರಿಸಂ’ ಕಾಲದ ತಿರುವುಗಳಿಲ್ಲ. ಸಾಹಿತ್ಯವೂ ‘ನಾನು ಯಾವುದಕ್ಕೂ ಬಾರದವನು’ ಅನ್ನುವ ಒಂದೇ ಗೊಣಗಾಟ ಹಿಡಿದು ತಿರುಗುತ್ತದೆ. ಒಂದು ಹಾಡಿನಲ್ಲಿ ಚೆಂದ, ಇಡೀ ಆಲ್ಬಂಗೆ ಜಾಸ್ತಿಯಾಯಿತು. ಹಾಗಾಗಿ ಕಲಬುರಗಿಯ ಗೆಳೆಯ ‘ಹಾಳು ಮಾಡಿದ’ ಅಂದದ್ದು ತಪ್ಪು. ‘ಏನೋ ಕೈತಪ್ಪಿದೆ’ ಅಂದಿದ್ದರೆ ನಾನೂ ಹೌದು ಅನ್ನುತ್ತಿದ್ದೆ. ಕೈತಪ್ಪಿದ್ದು ಗಿಟಾರ್ ಅಲ್ಲ, ರಾಗ. ಹಳೇ ಆಲ್ಬಂಗಳಲ್ಲಿ ಗಿಟಾರ್ ತೆಗೆದು ಸುಮ್ಮನೆ ಹಾರ್ಮೋನಿಯಂ ಮೇಲೆ ನುಡಿಸಿದರೂ ಹಾಡು ನಿಲ್ಲುತ್ತದೆ. ಇಲ್ಲಿನ ಮೂರ್ನಾಲ್ಕು ಹಾಡು ಹಾಗೆ ನಿಲ್ಲುವುದಿಲ್ಲ.

ಇನ್ನು ನಿಮ್ಮ ತಂದೆಯವರು. ಅವರ ಮಾತನ್ನು ನಗೆಯಾಡಿ ಬಿಡಬೇಡಿ. ನಿಮ್ಮ ಪತ್ರದಲ್ಲಿ ಕಿವಿ ಅತ್ಯಂತ ಪಳಗಿರುವುದು ಅವರದ್ದೇ ಇರಬಹುದು.

ನಮ್ಮ ರೆಕಾರ್ಡಿಂಗ್ ರೂಮಿಗೆ ಭಜನೆ ಮೇಳದವರು, ತತ್ವಪದ ಹಾಡುವವರು ಬರುತ್ತಾರೆ. ಕಡಕೋಳ ಮಡಿವಾಳಪ್ಪನವರ ಪದ ಹಾಡಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ. ಹಾಡಿದ ಹಿರಿಯರ ಮೊದಲ ಮಾತು ಯಾವಾಗಲೂ ಒಂದೇ: ‘ಪೇಟಿ (ಹಾರ್ಮೋನಿಯಂ) ಸಣ್ಣ ಮಾಡ್ರಿ, ಮಾತು ಕೇಳಬೇಕು.’ ಜೊತೆಗೆ ಬಂದ ಹುಡುಗರು ‘ಎಕೋ ಇನ್ನಷ್ಟು ಹಾಕ್ರಿ ಅಣ್ಣಾ’ ಅನ್ನುತ್ತಾರೆ. ಇಬ್ಬರ ನಡುವೆ ನಾನು ಸಿಕ್ಕಿಹಾಕಿಕೊಳ್ಳುತ್ತೇನೆ. ಯಾಕಂದರೆ ಎಕೋ ಏರಿದಷ್ಟೂ ಮಾತು ಮಸುಕಾಗುತ್ತದೆ. ಅಕ್ಷರ ಗುರುತಿಸಲು ಬೇಕಾದ ತ, ಕ, ಸ, ಚ ಮುಂತಾದ ಚೂಪು ಸದ್ದುಗಳ ಮೇಲೆ ಹಿಂದಿನ ಅಕ್ಷರದ ಬಾಲ ಬಂದು ಕೂರುತ್ತದೆ. ತತ್ವಪದದಲ್ಲಿ ಮಾತೇ ಹೋದರೆ ಉಳಿಯುವುದೇನು? ಅಲ್ಲಿ ವಾದ್ಯ ಇರುವುದು ಮಾತನ್ನು ಹೊರಲು. ಸೈಕೆಡೆಲಿಕ್ ಪಾಪ್‌ನಲ್ಲಿ ತಿರುಗುಮುರುಗು. ದನಿಯನ್ನು ಇನ್ನೊಂದು ವಾದ್ಯದ ಹಾಗೆ ಒಳಗೆ ತಳ್ಳುತ್ತಾರೆ. ಇಂಗ್ಲಿಷ್ ತಾಯ್ನುಡಿ ಆಗಿರುವವರಿಗೂ ಪಾರ್ಕರ್ ಹಾಡಿನ ಅರ್ಧ ಮಾತು ತಿಳಿಯುವುದಿಲ್ಲ. ಸಾಲುಗಳನ್ನು ತಪ್ಪಾಗಿ ಕೇಳಿಸಿಕೊಂಡು ವರ್ಷಗಟ್ಟಲೆ ಹಾಡಿಕೊಂಡವರಿದ್ದಾರೆ.

ಅಪ್ಪನವರು ಹಾಡಿನಿಂದ ಬಯಸಿದ್ದು ಮಾತು. ಈ ಹಾಡು ಅದನ್ನು ಕೊಡಲು ಹೊರಟಿರಲೇ ಇಲ್ಲ. ಅವರಿಗೆ ಮತ್ತೊಂದು ಸಲ ಕೇಳಿಸುವ ಆಸೆ ಇದ್ದರೆ ದನಿ ಇರುವ ಹಾಡು ಬೇಡ. ಕೊನೆಯ ಹಾಡಿನಲ್ಲಿ ದನಿ ಇಲ್ಲದೆ ಬರೀ ಬೀಟು, ಸಿಂಥ್ ಓಡುವ ಭಾಗ ಹಾಕಿ. ರಾತ್ರಿಯಿಡೀ ಒಂದೇ ಪಲ್ಲವಿ ಹಿಡಿದು ದಮ್ಮಡಿ, ತಾಳದ ಲಯ ಏರಿಸುತ್ತಾ ಹೋಗುವ ಭಜನೆಯವರಿಗೆ ಆ ಓಟ ಅರ್ಥವಾಗದೆ ಇರದು. ‘ಚಲೋ ಹೊಡದಾನ’ ಅಂದರೂ ಅನ್ನಬಹುದು. ಇಲ್ಲದಿದ್ದರೆ ಬಿಡಿ, ಬಲವಂತ ಬೇಡ.

ನಾಲ್ವರೂ ಸೇರಿ ಮತ್ತೊಮ್ಮೆ ಕೇಳುವುದಾದರೆ ಎರಡು ಮಾತು. ಸೌಂಡ್ ತೀರಾ ಸಣ್ಣ ಇಡಬೇಡಿ. ಸೌಂಡ್ ಸಣ್ಣದಾದಾಗ ನಮ್ಮ ಕಿವಿಗೆ ಬೇಸ್ ಬಲು ಬೇಗ ಮಾಯವಾಗುತ್ತದೆ. ಫ್ಲೆಚರ್, ಮನ್ಸನ್ ಅನ್ನುವ ಇಬ್ಬರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಬೇಸ್ ಮೇಲೆ ನಿಂತ ಆಲ್ಬಂ ಅದಿಲ್ಲದೆ ಬಡಕಲಾಗುತ್ತದೆ. ಹಾಗಂತ ಕಿವಿ ಕಿವುಡಾಗುವಷ್ಟೂ ಬೇಡ. ಇನ್ನೊಂದು, ಹಳೇ ಆಲ್ಬಂಗೂ ಹೊಸದಕ್ಕೂ ಹೋಲಿಸುವಾಗ ಎರಡನ್ನೂ ಒಂದೇ ಆ್ಯಪಿನಲ್ಲಿ ಕೇಳಿ. ಒಂದನ್ನು ಯೂಟ್ಯೂಬಿನಲ್ಲಿ, ಇನ್ನೊಂದನ್ನು ಸ್ಪಾಟಿಫೈನಲ್ಲಿ ಕೇಳಿದರೆ ಸೌಂಡಿನ ಮಟ್ಟ ಒಂದೇ ಇರಬೇಕೆಂದೇನಿಲ್ಲ. ತುಸು ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ. ಅಂಗಡಿಯಲ್ಲಿ ಸ್ಪೀಕರು ಮಾರುವವರಿಗೆ ಇದು ಚೆನ್ನಾಗಿ ಗೊತ್ತು!

ಎಲ್‌ಪಿ ವಿಷಯ. ನಿಮ್ಮ ಹತ್ತಿರ ಪ್ಲೇಯರ್ ಇದೆಯಾ ಅಂತ ಬರೆದಿಲ್ಲ. ಇಲ್ಲದಿದ್ದರೆ ಬೇಡವೇ ಬೇಡ. ಹೊರದೇಶದ ಎಲ್‌ಪಿ ತರಿಸುವುದು ದುಬಾರಿ. ನಮ್ಮೂರಿನ ಏಪ್ರಿಲ್, ಮೇ ಬಿಸಿಲಿಗೆ ಕಿಟಕಿ ಪಕ್ಕ ಇಟ್ಟರೆ ತಟ್ಟೆ ಬಾಗಿ ಹೋಗುತ್ತದೆ. ಪ್ಲೇಯರ್ ಇದ್ದರೂ ಈ ಆಲ್ಬಂ ಮೊದಲ ಆಯ್ಕೆಯಾಗಬಾರದು. ಎಲ್‌ಪಿಯ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಆಸುಪಾಸು ಚೆನ್ನಾಗಿ ಹಿಡಿಸುತ್ತದೆ. ಬೇಸ್ ಜೋರಾದಷ್ಟೂ ಗೆರೆಗಳು ಅಗಲ ಬೇಕು, ಹಿಡಿಸುವ ಹೊತ್ತು ಇನ್ನೂ ಕಡಿಮೆಯಾಗುತ್ತದೆ. ಇದು ಒಂದು ಗಂಟೆಗೆ ಸ್ವಲ್ಪ ಕಡಿಮೆ ಇರುವ, ಬೇಸ್ ತುಂಬಿದ ಆಲ್ಬಂ. ಓಟ ಹತ್ತಿದ ಹೊತ್ತಿಗೆ ಎದ್ದು ತಟ್ಟೆ ತಿರುವಿಹಾಕಬೇಕು.

ಆ ದುಡ್ಡಿನಲ್ಲಿ ತಂತಿ ಇರುವ ಒಂದು ಒಳ್ಳೆ ಇಯರ್‌ಫೋನ್ ಕೊಂಡು ಶಹಾಪುರಕ್ಕೆ ಕಳಿಸಿ. ಅದು ಅವರ ಕೈಗೆ ಸಿಕ್ಕಿ, ಡೌನ್‌ಲೋಡ್ ಮಾಡಿದ ಆಲ್ಬಂ ಪೂರ್ತಿ ಕೇಳಿದ ಮೇಲೂ ‘ಎಲ್ಲಾ ಒಂದೇ ತರ’ ಅಂದರೆ ಆಗ ಮತ್ತೆ ಬರೆಯಿರಿ. ಅವರ ಪಕ್ಷ ವಹಿಸಲು ನಾನೂ ತಯಾರಿದ್ದೇನೆ, ನಡುವಿನ ಹಾಡುಗಳ ಮಟ್ಟಿಗಾದರೂ.